ಹೊಳೆಬದಿಯ ಹೊಸ ಮನೆಗಳು

ಅಳಿವೆಗೆ ಹತ್ತಿರದ ನಮ್ಮೂರಿನ ಹೊಳೆಬದಿಯಲ್ಲಿ ಈಗ ‘ರಿವರ್ ವ್ಯೂ’ ವಿಲ್ಲಾಗಳು ಮಾರಾಟಕ್ಕಿವೆ. ಗಲ್ಫ್‌ನಲ್ಲಿರುವ ನನ್ನ ಮಾಮ ವಾಟ್ಸಾಪ್‌ನಲ್ಲಿ ಬಂದ ಫೋಟೊ ನೋಡಿಯೇ ಮುಂಗಡ ಕೊಡಲು ಹೊರಟಿದ್ದಾರೆ. “ಪಂಚಾಯತ್ ಲೈಸೆನ್ಸ್ ಇದೆಯಲ್ಲ, ಇನ್ನೇನು ಭಯ?” ಎನ್ನುತ್ತಾರೆ.

ಕೇರಳದ ಮರಡುವಿನಲ್ಲಿ ಹಿನ್ನೀರಿನ ದಡದ ಫ್ಲ್ಯಾಟ್ ಕೊಂಡವರಿಗೂ ಅದೇ ಧೈರ್ಯವಿತ್ತು. ಕಟ್ಟಲು ಅನುಮತಿ ಕೊಟ್ಟದ್ದು ಪಂಚಾಯತೇ. ಆದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿದ್ದವೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ವಸತಿ ಸಮುಚ್ಚಯಗಳನ್ನು ಸ್ಫೋಟಕ ಇಟ್ಟು ಉರುಳಿಸಿದರು. ಈ ನಿಯಮ ಸಮುದ್ರ ತೀರಕ್ಕೆ ಮಾತ್ರವಲ್ಲ, ಭರತದ ನೀರು ಏರಿ ಬರುವ ಹೊಳೆಯ ದಡಕ್ಕೂ ಇದೆ. ನಮ್ಮ ಹೊಳೆಗೆ ಬೇಸಿಗೆಯಲ್ಲಿ ಉಪ್ಪುನೀರು ಬರುತ್ತದೆ. ದಡದಲ್ಲಿ ಬಾವಿ ಇರುವವರನ್ನು ಕೇಳಿ. ಮಳೆಗಾಲದ ಮಾತು ಬೇರೆ. 1974ರಲ್ಲಿ ನೇತ್ರಾವತಿ ಬಂಟ್ವಾಳ ಪೇಟೆಗೆ ನುಗ್ಗಿದ ಕಥೆ ಹಿರಿಯರು ಇನ್ನೂ ಹೇಳುತ್ತಾರೆ. ಮಾಮನಿಗೆ ಬಂದ ಫೋಟೊ ಜುಲೈಯದ್ದಂತೂ ಅಲ್ಲ!

ನನಗೆ ಹೆಚ್ಚು ನೋವಾದದ್ದು ಅಲ್ಲಿನ ಗೇಟು ನೋಡಿ. ಹೆಂಗಸರು ಮರುವಾಯಿ ಹೆಕ್ಕಲು ಇಳಿಯುತ್ತಿದ್ದ ದಾರಿ ಈಗ ಕಾಂಪೌಂಡಿನ ಒಳಗಿದೆ. ನೀರಿನಲ್ಲಿ ಎಲ್ಲರಿಗೂ ಪಾಲಿದೆ ಎಂದು ಮದ್ರಸದಲ್ಲಿ ಕಲಿತವರು ನಾವು. ಕೊಳ್ಳಲು ಬರುವವರಲ್ಲಿ ನಮ್ಮವರೂ ಇದ್ದಾರೆ, ಹಾಗಾಗಿ ಬಿಲ್ಡರನ್ನು ಮಾತ್ರ ಬೈದರೆ ಸಾಲದು.

ಮಾಮನಿಗೆ ಬರೆದಿದ್ದೇನೆ: ಭರತದ ಗೆರೆಯಿಂದ ಮನೆಗೆ ಎಷ್ಟು ಮೀಟರ್? ಸಿಆರ್‌ಝಡ್ ಅನುಮತಿ ಪತ್ರ ನೋಡಿದ್ದೀರಾ? ಆ ದಾರಿ ಯಾರದ್ದು? ಮೆಸೇಜ್ ಓದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.