ಹಿರಿಯರ ಮರೆವಿನ ದೂರನ್ನು ಮನೆಯವರು ಕೇಳಬೇಕು

ನೆನಪು, ಲೆಕ್ಕ, ವಿಚಾರಶಕ್ತಿ ಮೊದಲಿನಂತಿಲ್ಲ ಎಂದು ಹಿರಿಯರಿಗೆ ತಮಗೇ ಅನ್ನಿಸುತ್ತದೆ. ಆದರೆ ವೈದ್ಯರು ಪರೀಕ್ಷೆ ಮಾಡಿದರೆ ಅಂಕಗಳೆಲ್ಲ ವಯಸ್ಸಿಗೆ ತಕ್ಕಂತೆಯೇ ಬರುತ್ತವೆ. ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ‘ಸಬ್ಜೆಕ್ಟಿವ್ ಕಾಗ್ನಿಟಿವ್ ಡಿಕ್ಲೈನ್’ ಎಂಬ ಹೆಸರಿದೆ. ಜರ್ಮನಿಯ ಫ್ರಾಂಕ್ ಜೆಸ್ಸೆನ್ ಮತ್ತು ಹಲವು ದೇಶಗಳ ಸಂಶೋಧಕರು ಸೇರಿ 2014ರಲ್ಲಿ ಇದರ ವ್ಯಾಖ್ಯೆಯನ್ನು ಖಚಿತಪಡಿಸಿದರು. ಅದರ ಪ್ರಕಾರ ಎರಡು ಲಕ್ಷಣಗಳು ಇರಬೇಕು: ವ್ಯಕ್ತಿಗೆ ತನ್ನ ಹಿಂದಿನ ಸ್ಥಿತಿಗಿಂತ ಈಗ ಕುಸಿತವಾಗಿದೆ ಎಂದು ಸತತವಾಗಿ ಅನ್ನಿಸಬೇಕು; ವಯಸ್ಸು, ಲಿಂಗ, ಓದಿಗೆ ಹೊಂದಿಸಿ ನೋಡಿದಾಗ ಪರೀಕ್ಷೆಯ ಫಲ ಸಹಜವಾಗಿರಬೇಕು.

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ದುಮ್ಮವಾಡದಂಥ ಊರುಗಳಲ್ಲಿ ಈ ದೂರು ಮನೆಯ ಹೊಸ್ತಿಲು ದಾಟುವುದು ಕಡಿಮೆ. ‘ಮರವು ಭಾಳ ಆಗೇತಿ’ ಎಂದು ಅಜ್ಜ ಹೇಳಿದರೆ ‘ವಯಸ್ಸಾತಲ್ಲ, ಆಗೂದ’ ಎಂಬ ಉತ್ತರ ಬರುತ್ತದೆ. ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಮಾತನ್ನು ಅಲ್ಲಿಗೇ ಮುಗಿಸುತ್ತದೆ. ಅಷ್ಟರಲ್ಲಿ ಅಜ್ಜ ತನ್ನ ಮಟ್ಟಿಗೆ ಬದಲಾಗಿರುತ್ತಾನೆ. ಆಳುಗಳ ವಾರದ ಪಗಾರದ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದವನು ಈಗ ಮೊಮ್ಮಗನಿಂದ ಬರೆಸಿಡುತ್ತಾನೆ. ಕೈಯಳತೆಯಲ್ಲೇ ಉಪ್ಪು ಹಾಕುತ್ತಿದ್ದ ಅಜ್ಜಿ ಹಾಕಿದೆನೋ ಇಲ್ಲವೋ ಎಂದು ಸಾರನ್ನು ಮತ್ತೆ ಮತ್ತೆ ರುಚಿ ನೋಡುತ್ತಾಳೆ. ಪಗಾರ ತಪ್ಪುವುದಿಲ್ಲ, ಸಾರು ಕೆಡುವುದಿಲ್ಲ. ಹೀಗಾಗಿ ಮನೆಯವರಿಗೆ ಬದಲಾವಣೆ ಗೊತ್ತಾಗುವುದಿಲ್ಲ. ಅದನ್ನು ಬಲ್ಲವರು ಅಜ್ಜ, ಅಜ್ಜಿ ಮಾತ್ರ.

ಎಲ್ಲ ಮರೆವೂ ಒಂದೇ ತೂಕದ್ದಲ್ಲ. ಪರಿಚಿತರ ಹೆಸರು ಆ ಕ್ಷಣಕ್ಕೆ ಹೊಳೆಯದೆ ಸಂಜೆ ನೆನಪಾದರೆ, ಕನ್ನಡಕ ಇಟ್ಟ ಜಾಗ ಮರೆತರೆ ಅದು ವಯೋಸಹಜ. ಕುಸಿತ ಇತ್ತೀಚಿನ ಐದು ವರ್ಷಗಳೊಳಗೆ ಶುರುವಾಗಿದ್ದರೆ, ಅರವತ್ತು ದಾಟಿದ ಮೇಲೆ ಕಂಡಿದ್ದರೆ, ಓರಗೆಯವರಿಗಿಂತ ತನಗೇ ಹೆಚ್ಚು ಎಂದು ಅನ್ನಿಸಿ ಚಿಂತೆ ಹತ್ತಿದ್ದರೆ, ಮನೆಯವರೂ ಅದನ್ನು ಹೌದೆಂದರೆ ಹೆಚ್ಚು ಗಮನ ಬೇಕು. ಕೇಳಿದ್ದನ್ನೇ ಹತ್ತು ಸಲ ಕೇಳುವುದು, ಸ್ವಂತ ಹೊಲದ ದಾರಿ ತಪ್ಪುವುದು, ಬಿಪಿ ಮಾತ್ರೆಯನ್ನು ಎರಡು ಸಲ ನುಂಗುವುದು ಬರೀ ಅನ್ನಿಸಿಕೆಯ ಈ ಹಂತವನ್ನು ದಾಟಿದ ಸೂಚನೆಗಳು.

ಅಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನೊಳಗೆ ಅಮಿಲಾಯ್ಡ್ ಎಂಬ ಪ್ರೋಟೀನಿನ ಗುಪ್ಪೆಗಳು ಮೊದಲ ಲಕ್ಷಣ ಕಾಣುವುದಕ್ಕೆ ಸುಮಾರು 15–20 ವರ್ಷ ಮೊದಲೇ ಸೇರತೊಡಗುತ್ತವೆ. ಆ ದೀರ್ಘ ಕಾಲದಲ್ಲಿ ಪರೀಕ್ಷೆಗೆ ಸಿಗದ ವ್ಯತ್ಯಾಸ ವ್ಯಕ್ತಿಯ ಅನುಭವಕ್ಕೆ ಸಿಗಬಹುದು. ಸ್ವಂತ ದೂರಿಗೆ ವೈದ್ಯರು ಬೆಲೆ ಕೊಡುವುದು ಈ ಕಾರಣಕ್ಕೆ. ಹಾಗೆಂದು ಭಯಪಡಬೇಕಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇಂಥ ದೂರು ಇರುವವರಲ್ಲಿ ವರ್ಷಕ್ಕೆ ನೂರಕ್ಕೆ ಇಬ್ಬರಿಂದ ಮೂವರು ಡಿಮೆನ್ಶಿಯಾದತ್ತ (ಅಲ್ಝೈಮರ್‌ನಂಥ ಮರೆಗುಳಿ ರೋಗಗಳತ್ತ) ಸಾಗುತ್ತಾರೆ. ದೂರಿಲ್ಲದವರಲ್ಲಿ ಇದು ನೂರಕ್ಕೆ ಒಬ್ಬರು. ಅಪಾಯ ಇಮ್ಮಡಿಯಾದರೂ ಬಹುಪಾಲು ಜನ ಆ ದಾರಿ ಹಿಡಿಯುವುದಿಲ್ಲ.

ಮರೆವಿನ ಹಿಂದೆ ಗುಣಪಡಿಸಬಹುದಾದ ಕಾರಣಗಳೂ ಇರುತ್ತವೆ. ಖಿನ್ನತೆ, ನಿದ್ದೆಗೇಡು, ಥೈರಾಯ್ಡ್ ಕೊರತೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಮದ್ಯ ಇವೆಲ್ಲ ನೆನಪನ್ನು ಮಬ್ಬಾಗಿಸುತ್ತವೆ. ಕೆಲವು ನಿದ್ದೆ ಮಾತ್ರೆ ಮತ್ತು ಅಲರ್ಜಿ ಮಾತ್ರೆಗಳೂ ಹಾಗೆಯೇ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಬಿ12 ವಿಟಮಿನ್ ಕೊರತೆ ಸಾಮಾನ್ಯ. ಕಿವಿ ಮಂದವಾದವರು ಮಾತನ್ನು ಕೇಳಿಸಿಕೊಂಡೇ ಇರುವುದಿಲ್ಲ. ಮನೆಯವರು ಅದನ್ನು ಮರೆವು ಎನ್ನುತ್ತಾರೆ. ಡಿಮೆನ್ಶಿಯಾ ಪ್ರಕರಣಗಳಲ್ಲಿ ನೂರಕ್ಕೆ 45ರಷ್ಟನ್ನು ತಡೆಯಲು ಇಲ್ಲವೇ ಮುಂದೂಡಲು ಸಾಧ್ಯವಿದೆ ಎಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಅಂದಾಜಿಸಿತು. ಅದು ಪಟ್ಟಿ ಮಾಡಿದ 14 ಕಾರಣಗಳಲ್ಲಿ ಶ್ರವಣದೋಷ, ರಕ್ತದೊತ್ತಡ, ಧೂಮಪಾನ, ದೃಷ್ಟಿದೋಷ, ಒಂಟಿತನ ಸೇರಿವೆ.

ಹಳ್ಳಿಯ ಹಿರಿಯರನ್ನು ಅಳೆಯುವ ಮಾನದಂಡ ಬೇರೆಯೇ ಇರಬೇಕು. ಅಕ್ಷರ ಬಾರದವರಿಗೆ ಗಡಿಯಾರದ ಚಿತ್ರ ಬರೆಯಲು ಹೇಳಿದರೆ ಅವರ ನೆನಪಿನ ಸ್ಥಿತಿ ತಿಳಿಯದು. ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ತಿಳಿಸುತ್ತದೆ. ಮಹಿಳೆಯರು, ಹಳ್ಳಿಗರು, ಶಾಲೆ ಕಾಣದವರಲ್ಲಿ ಪ್ರಮಾಣ ಹೆಚ್ಚು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು 45 ದಾಟಿದ 10,000 ಗ್ರಾಮಸ್ಥರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ಅಂಥ ಕೆಲಸ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲೂ ಆಗಬೇಕು. ಓದಿಲ್ಲದಿದ್ದರೂ ಹಲವು ಭಾಷೆಯ ಬಳಕೆ ನೆರವಾಗಬಹುದು: ಹೈದರಾಬಾದಿನಲ್ಲಿ 648 ರೋಗಿಗಳನ್ನು ಗಮನಿಸಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿದ್ದು ಕಂಡಿತು. ಓದು ಬಾರದವರಲ್ಲೂ ಈ ಲಾಭ ಇತ್ತು. ಕನ್ನಡ, ಉರ್ದು, ಮರಾಠಿ ಬೆರೆತು ಬಾಳುವ ಈ ಸೀಮೆಗೆ ಅದು ಭರವಸೆಯ ಸಂಗತಿ.

ವ್ಯವಸ್ಥೆ ಪೂರ್ತಿ ಇಲ್ಲವೆಂದಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿವೆ. ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿ 14416 ಕನ್ನಡದಲ್ಲೇ ಮಾತಾಡುತ್ತದೆ. ಕೊರತೆ ಇರುವುದು ಮೊದಲ ಹೆಜ್ಜೆಯಲ್ಲಿ. ಬಿಪಿ, ಸಕ್ಕರೆ ವಿಚಾರಿಸುವ ಆಶಾ ಕಾರ್ಯಕರ್ತೆ ‘ಅಜ್ಜಾ, ನೆನಪು ಹೆಂಗೈತ್ರಿ?’ ಎಂದೂ ಕೇಳುವಂತಾಗಬೇಕು; ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಆ ಉತ್ತರವನ್ನು ಬರೆದುಕೊಳ್ಳಬೇಕು. ಮನೆಯವರು ಮಾಡಬೇಕಾದದ್ದು ಇನ್ನೂ ಸರಳ: ಹಿರಿಯರು ಮರೆವಿನ ಮಾತು ತೆಗೆದಾಗ ನಕ್ಕು ತಳ್ಳಿಹಾಕದೆ, ಅದೇ ವಾರ ಅವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.