ಬೀರುವಿನ ಪುಸ್ತಕ ಗೋಡೆಗೆ ಬರಲಿ

ಗ್ರಂಥಾಲಯ ಎಂದ ಕೂಡಲೇ ನಮ್ಮೆಲ್ಲರ ಕಣ್ಣ ಮುಂದೆ ಬರುವುದು ಏನು? ಒಂದು ಕಬ್ಬಿಣದ ಬೀರು, ಅದಕ್ಕೊಂದು ಬೀಗ, ಬೀಗದ ಕೈ ಆಫೀಸಿನಲ್ಲಿ! ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗ್ರಂಥಾಲಯದ ಅವಧಿ ಅಂತ ಬರೆದಿರುತ್ತದೆ. ಆ ಅವಧಿ ಬಂದಾಗ ಲೆಕ್ಕ ಉಳಿದಿದ್ದರೆ ಗಣಿತ, ಉಳಿಯದಿದ್ದರೆ ಆಟ. ಪುಸ್ತಕ ಕೈಗೆ ಬಂದ ದಿನವೂ ಆಗೋದು ಇಷ್ಟೇ. ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ, ಸದ್ದು ಮಾಡದೆ ಓದಿ, ಬೆಲ್ ಹೊಡೆದಾಗ ಎಣಿಸಿ ವಾಪಸ್ ಕೊಡಿ. ಓದಿದ್ದು ಏನಾಯಿತು ಅಂತ ಯಾರೂ ಕೇಳೋದಿಲ್ಲ. ಇದು ಒಂದು ಶಾಲೆಯ ಮಾತಲ್ಲ. ಪಕ್ಕದ ಊರುಗಳ ಗೆಳೆಯರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಈಗ ಎಲ್ಲಾ ಕಡೆ ತಂತ್ರಜ್ಞಾನದ ಮಾತು. ಸ್ಮಾರ್ಟ್ ಕ್ಲಾಸ್, ಪ್ರೊಜೆಕ್ಟರ್, ಮೊಬೈಲ್ ಆ್ಯಪ್. 2017ರಲ್ಲಿ ದೀಕ್ಷಾ ಶುರುವಾದ ಮೇಲೆ ಪಠ್ಯಪುಸ್ತಕದ ಪಾಠದ ಪಕ್ಕದಲ್ಲೇ ಕ್ಯೂಆರ್ ಕೋಡ್ ಬಂದಿದೆ, ಮೊಬೈಲ್ ಹಿಡಿದರೆ ವಿಡಿಯೊ ತೆರೆಯುತ್ತದೆ. ಗ್ರಂಥಾಲಯಕ್ಕೂ ಇವೆಲ್ಲ ಬೇಕು ಎಂದು ಕೆಲವರು ವಾದಿಸುತ್ತಾರೆ. ಬಂದರೆ ಪುಸ್ತಕ ಓದೋ ಅಭ್ಯಾಸ ಹಾಳಾಗಿ ಹೋಗ್ತದೆ ಎಂದು ಕೆಲವರು ಹೆದರುತ್ತಾರೆ. ನನ್ನ ಅಭಿಪ್ರಾಯ ಎರಡಕ್ಕಿಂತ ಸ್ವಲ್ಪ ಬೇರೆ. ಗ್ರಂಥಾಲಯದ ಅವಧಿಯಲ್ಲಿ ನಮಗೆ ಚಿತ್ರ ತೋರಿಸಬೇಡಿ, ನಮ್ಮ ಕೈಯಲ್ಲೇ ಚಿತ್ರ ಮಾಡಿಸಿ. ಕಂಪ್ಯೂಟರ್ ಬೇಕು, ಆದರೆ ಅದು ಪುಸ್ತಕದ ನಂತರ ಬರಲಿ.

ಯಾವ ಚಿತ್ರ? ಇನ್ಫೋಗ್ರಾಫಿಕ್ ಎನ್ನುತ್ತಾರಲ್ಲ, ಅದು. ನಾನು ಮಾಹಿತಿ ಚಿತ್ರ ಅಂತ ಕರೆಯುತ್ತೇನೆ. ಹೆಸರು ಹೊಸದಾದರೂ ನಮಗೆ ಹೊಸತೇನಲ್ಲ. ಗಣಿತದ ಸ್ತಂಭ ನಕ್ಷೆ, ಸಮಾಜದ ಭೂಪಟ, ವಿಜ್ಞಾನದ ನೀರಿನ ಚಕ್ರ ಎಲ್ಲವೂ ಅದೇ ಮನೆತನದವು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಚಳ್ಳಕೆರೆಯಲ್ಲಿ 500ಕ್ಕಿಂತ ಕಡಿಮೆ. ಹೀಗೆ ಓದಿದರೆ ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತದೆ. ಅದೇ 500 ಮಿಲಿಮೀಟರಿಗೆ ಒಂದು ಸೆಂಟಿಮೀಟರ್ ಎಂದು ಇಟ್ಟುಕೊಂಡು ಎರಡು ಕಂಬ ಬರೆದು ನೋಡಿ. ಆಗುಂಬೆಯ ಕಂಬ ನೋಟ್‌ಬುಕ್ಕಿನ ಅರ್ಧ ಹಾಳೆ ದಾಟುತ್ತದೆ, ಚಳ್ಳಕೆರೆಯದು ಬೆರಳಿನ ಉಗುರಿನಷ್ಟೂ ಬರುವುದಿಲ್ಲ. ಎರಡೂ ಒಂದೇ ರಾಜ್ಯದ ಊರುಗಳು! ಅಲ್ಲಿ ಅಡಿಕೆ, ಇಲ್ಲಿ ಶೇಂಗಾ ಯಾಕೆ ಎಂಬುದನ್ನು ಆಮೇಲೆ ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಇಂಥ ಒಂದು ಚಿತ್ರ ಜನರ ಪ್ರಾಣದ ವಿಷಯಕ್ಕೇ ಬಂದ ಕಥೆ ಇದೆ. 1854ರಲ್ಲಿ ಲಂಡನ್ ಪಟ್ಟಣದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತಮುತ್ತ ಕಾಲರಾ ಬಂತು. ಹತ್ತು ದಿನದಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಎಂದು ಆಗ ದೊಡ್ಡ ದೊಡ್ಡವರೂ ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರು ಮಾತ್ರ ನೀರಿನಿಂದ ಅಂದರು. ಅವರು ಮೊದಲು ಮಾಡಿದ ಕೆಲಸ ಏನು ಗೊತ್ತೆ? ಸರ್ಕಾರಿ ಕಚೇರಿಯಿಂದ ಸತ್ತವರ ಪಟ್ಟಿ ತಂದು ಓದಿದರು. ಆಮೇಲೆ ಆ ಬೀದಿಗಳಲ್ಲಿ ಓಡಾಡಿ, ಯಾರ ಮನೆಯವರು ಎಲ್ಲಿಯ ನೀರು ಕುಡಿದಿದ್ದರು ಎಂದು ವಿಚಾರಿಸಿದರು. ಬಳಿಕ ಬೀದಿಯ ನಕ್ಷೆಯಲ್ಲಿ ಒಂದೊಂದು ಸಾವಿಗೆ ಒಂದೊಂದು ಕಪ್ಪು ಗೆರೆ ಎಳೆದರು. ಗೆರೆಗಳು ಒಂದು ಕೈಪಂಪಿನ ಸುತ್ತ ಒತ್ತೊತ್ತಾಗಿ ನಿಂತವು!

ಅದಕ್ಕಿಂತ ನನಗೆ ಹಿಡಿಸಿದ್ದು ಗೆರೆ ಇಲ್ಲದ ಜಾಗ. ಅದೇ ಬೀದಿಯಲ್ಲಿ ಒಂದು ಬಿಯರ್ ಕಾರ್ಖಾನೆ ಇತ್ತು, ಅಲ್ಲಿಯ ಕೆಲಸದವರು ಯಾರೂ ಕಾಲರಾದಿಂದ ಸಾಯಲಿಲ್ಲ. (ಇದನ್ನು ಓದಿ ಯಾರೂ ಬೇರೆ ಅರ್ಥ ಮಾಡಿಕೊಳ್ಳಬೇಡಿ. ಆ ಕಾರ್ಖಾನೆಗೆ ಬೇರೆ ಬಾವಿ ಇತ್ತು!) ಸ್ನೋ ಹೇಳಿದ ಮೇಲೆ 1854ರ ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಕೆ ಕಿತ್ತರು. ಅಷ್ಟು ಹೊತ್ತಿಗೆ ರೋಗ ತಾನಾಗಿಯೇ ಇಳಿಯುತ್ತಿತ್ತು ಅನ್ನೋದೂ ನಿಜ, ಅದನ್ನು ಮುಚ್ಚಿಡಬಾರದು. ಆದರೂ ನೀರಿನ ಮಾತು ಸರಿ ಎಂದು ಮುಂದೆ ಎಲ್ಲರೂ ಒಪ್ಪಿದರು. ನಾಲ್ಕು ವರ್ಷದ ನಂತರ, 1858ರಲ್ಲಿ, ದಾದಿ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಒಂದು ಬಣ್ಣದ ನಕ್ಷೆ ಮಾಡಿ, ಯುದ್ಧದಲ್ಲಿ ಗಾಯಕ್ಕಿಂತ ತಡೆಯಬಹುದಾದ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂದು ತೋರಿಸಿದರು.

ಸ್ನೇಹಿತರೆ, ಸ್ನೋ ಅವರ ನಕ್ಷೆ ಮಾಡಲು ಯಾವ ಕಂಪ್ಯೂಟರೂ ಇರಲಿಲ್ಲ. ಪಟ್ಟಿ ಓದುವುದು, ಕೇಳುವುದು, ಎಣಿಸುವುದು ಮೊದಲು ಆಯಿತು, ಗೆರೆ ಕೊನೆಗೆ ಬಂತು. ನಮ್ಮಲ್ಲಿ ಈ ಸಾಲು ತಲೆಕೆಳಗಾಗಿದೆ. ಎಫ್‌ಎ ಚಟುವಟಿಕೆ ಕೊಟ್ಟ ಸಂಜೆ ಎಲ್ಲರೂ ಓಡುವುದು ಬೀರುವಿನ ಕಡೆಗಲ್ಲ, ಝೆರಾಕ್ಸ್ ಅಂಗಡಿಗೆ. "ಅಣ್ಣಾ, ಜಲಮಾಲಿನ್ಯ ಒಂದು ಪ್ರಾಜೆಕ್ಟ್ ಕೊಡಿ" ಅಂದರೆ ಬಣ್ಣಬಣ್ಣದ ಚಿತ್ರ ಬರುತ್ತದೆ. ಕತ್ತರಿಸು, ಅಂಟಿಸು, ಹೆಸರು ಬರೆ. ದುಡ್ಡು ಇದ್ದವನ ಪ್ರಾಜೆಕ್ಟ್ ಚೆನ್ನಾಗಿ ಹೊಳೆಯುತ್ತದೆ. ಕೂಲಿಗೆ ಹೋಗುವ ಮನೆಯ ಹುಡುಗಿ ಪೆನ್ಸಿಲಿನಲ್ಲಿ ಬರೆದು ತಂದದ್ದು ಕೆಳಗೆ ಹೋಗುತ್ತದೆ. ಇಬ್ಬರಲ್ಲಿ ಓದಿದವರು ಯಾರು? ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಈಗಂತೂ ಮೊಬೈಲಿಗೆ ಹೇಳಿದರೆ ಸಾಕು, ಕೃತಕ ಬುದ್ಧಿಮತ್ತೆಯೇ ಚಿತ್ರ ಮಾಡಿಕೊಡುತ್ತದೆ. ಅದರೊಳಗಿನ ಅಂಕಿ ಎಲ್ಲಿಂದ ಬಂತು ಅಂತ ಕೇಳಿದರೆ ಚಿತ್ರ ತಂದವನು ತಲೆ ಕೆರೆದುಕೊಳ್ಳುತ್ತಾನೆ.

ಚಿತ್ರ ಸುಳ್ಳನ್ನೂ ಹೇಳುತ್ತದೆ. ಒಂದು ವರ್ಷ 700 ಮಿಲಿಮೀಟರ್ ಮಳೆ, ಮರುವರ್ಷ 740 ಎಂದು ಇಟ್ಟುಕೊಳ್ಳಿ. ಹೆಚ್ಚಿದ್ದು ನೂರಕ್ಕೆ ಆರು ಪಾಲೂ ಇಲ್ಲ. ಕಂಬವನ್ನು ಸೊನ್ನೆಯಿಂದ ಶುರು ಮಾಡದೆ 680ರಿಂದ ಶುರು ಮಾಡಿ ನೋಡಿ. ಮೊದಲನೆಯದು 20ರ ಕಂಬ, ಎರಡನೆಯದು 60ರ ಕಂಬ, ಮೂರು ಪಟ್ಟು ಎತ್ತರ! ಅಂಕಿ ಎರಡೂ ಸರಿ, ಚಿತ್ರ ಮೋಸ. ಕಂಪ್ಯೂಟರ್ ಕೂಡ ಕೆಲವು ಸಲ ತಾನಾಗಿಯೇ ಸೊನ್ನೆ ಬಿಟ್ಟು ಕಂಬ ಎಬ್ಬಿಸುತ್ತದೆ. ಟಿ.ವಿ.ಯಲ್ಲಿ, ಚುನಾವಣೆ ಕರಪತ್ರದಲ್ಲಿ, ಗೊಬ್ಬರದ ಜಾಹೀರಾತಿನಲ್ಲಿ ಇಂಥ ಕಂಬ ನೋಡಿ ದೊಡ್ಡವರೇ ಮರುಳಾಗಬಹುದು. ತಾನೇ ಅಳೆದು ಗೆರೆ ಎಳೆದವನನ್ನು ಮರುಳು ಮಾಡೋದು ಅಷ್ಟು ಸುಲಭ ಅಲ್ಲ. ಆದ್ದರಿಂದ ಇದನ್ನು ಚಿತ್ರಕಲೆ ಅಂತ ತಳ್ಳಿಹಾಕಬಾರದು, ಇದು ಓದಿನ ಭಾಗ.

ಗುರುಗಳು ಒಂದು ಮಾತು ಹೇಳುತ್ತಾರೆ. "ಚಿತ್ರದ ಚಟ ಹತ್ತಿದರೆ ನೀವು ಪುಟ ತಿರುವೋದೇ ಬಿಡ್ತೀರಿ." ಸಿದ್ಧ ಚಿತ್ರ ಕೊಟ್ಟರೆ ಈ ಭಯ ನಿಜವೇ. ಆದರೆ ಕಾವೇರಿ ಸುಮಾರು 800 ಕಿಲೋಮೀಟರ್, ಕೃಷ್ಣೆ ಸುಮಾರು 1,400 ಎಂದು ಬರೆಯಬೇಕಾದರೆ ಎಲ್ಲಿಯಾದರೂ ಹುಡುಕಬೇಕಲ್ಲ? ಒಂದು ಪುಸ್ತಕದಲ್ಲಿ ಒಂದು ಅಂಕಿ, ಇನ್ನೊಂದರಲ್ಲಿ ಇನ್ನೊಂದು ಇದ್ದರೆ ಮೂರನೆಯದನ್ನು ತೆಗೆಯಬೇಕಲ್ಲ? ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟದ ಕನ್ನಡ ವಿಶ್ವಕೋಶ, ಜಿಲ್ಲಾ ಗ್ಯಾಸೆಟಿಯರ್ ಮುಂತಾದವನ್ನು ಕಥೆ ಪುಸ್ತಕದ ಹಾಗೆ ಮೊದಲಿಂದ ಕೊನೆತನಕ ಯಾರು ಓದುತ್ತಾರೆ? ಒಂದು ಅಂಕಿಯ ಬೆನ್ನು ಹತ್ತಿ ಹೋದಾಗಲೇ ಅವು ತೆರೆಯುವುದು.

ನಮ್ಮ ದೇಶದ ಗ್ರಂಥಾಲಯಗಳಿಗೆ ದಾರಿ ಹಾಕಿಕೊಟ್ಟ ಎಸ್.ಆರ್. ರಂಗನಾಥನ್ ಅವರು ಮೊದಲು ಗಣಿತದ ಮೇಷ್ಟ್ರು! 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಐದು ಸೂತ್ರ ಬರೆದರು. ಪುಸ್ತಕ ಇರುವುದು ಜೋಪಾನ ಮಾಡಲಿಕ್ಕಲ್ಲ, ಬಳಸಲಿಕ್ಕೆ ಎನ್ನುವುದೇ ಅದರಲ್ಲಿ ಮೊದಲನೆಯದರ ತಾತ್ಪರ್ಯ. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಗ್ರಂಥಾಲಯ ಶಾಸ್ತ್ರ ಕಲಿಸುವ ಕೇಂದ್ರವನ್ನು ಅಲ್ಲಿ ತೆರೆದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಲೆಕ್ಕದ ಮೇಷ್ಟ್ರಾಗಿದ್ದವರೇ ಗ್ರಂಥಾಲಯ ಕಟ್ಟಿದ್ದಾರೆ. ಹೀಗಿರುವಾಗ ಗ್ರಂಥಾಲಯದ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಎಷ್ಟು ಸರಿ ಎಂದು ನಮ್ಮ ಗಣಿತದ ಗುರುಗಳೇ ಹೇಳಲಿ.

ಕಂಪ್ಯೂಟರ್ ಎಲ್ಲಿ ಬರಬೇಕು? ಕೈಯಲ್ಲಿ ಬರೆದ ಮೇಲೆ. ಲಿಬ್ರೆ ಆಫೀಸಿನ ಕ್ಯಾಲ್ಕ್ ಎಂಬುದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಒಂದು ಸಲ ಹಾಕಿಕೊಂಡರೆ ಇಂಟರ್‌ನೆಟ್ ಕೂಡ ಬೇಡ. ಅಂಕಿ ತುಂಬಿದರೆ ಅದೇ ಕಂಬ ಕಟ್ಟುತ್ತದೆ. ನಮ್ಮ ಹಾಳೆಯ ಕಂಬಕ್ಕೂ ಅದರ ಕಂಬಕ್ಕೂ ತಾಳೆ ನೋಡಬಹುದು. ಅಂಕಿ ಹುಡುಕಲು 2003ರಿಂದ ಇರುವ ಕನ್ನಡ ವಿಕಿಪೀಡಿಯವೂ ಆಗಬಹುದು, ಆದರೆ ಅಲ್ಲಿ ಸಿಕ್ಕಿದ್ದನ್ನು ಒಂದು ಪುಸ್ತಕದಲ್ಲಿ ನೋಡಿ ಆಮೇಲೆ ಬರೆಯಬೇಕು. ಕರೆಂಟ್ ಇಲ್ಲದ ದಿನ ಸ್ಕೇಲು, ಪೆನ್ಸಿಲು ಹೇಗೂ ಇದ್ದೇ ಇವೆ. ಎಲ್ಲಕ್ಕಿಂತ ಮುಖ್ಯ, ಚಿತ್ರದ ಕೆಳಗೆ ಪುಸ್ತಕದ ಹೆಸರು, ಪುಟ ಸಂಖ್ಯೆ ಕಡ್ಡಾಯ. ಇಲ್ಲದಿದ್ದರೆ ಅಂಕ ಇಲ್ಲ. ಈ ಒಂದು ನಿಯಮ ಹಾಕಿದರೆ ಝೆರಾಕ್ಸ್ ಅಂಗಡಿಯ ಚಿತ್ರ ತಾನಾಗಿಯೇ ನಿಲ್ಲುತ್ತದೆ.

ಈ ಗೋಡೆ ಪತ್ರಿಕೆಯ ಮಧ್ಯದ ಜಾಗವನ್ನು ತಿಂಗಳಿಗೊಂದು ಮಾಹಿತಿ ಚಿತ್ರಕ್ಕೆ ಬಿಡಬೇಕೆಂದು ಸಂಪಾದಕ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ. ಮೊದಲ ಚಿತ್ರಕ್ಕೆ ವಿಷಯವನ್ನೂ ನಾನೇ ಸೂಚಿಸುತ್ತೇನೆ: ನಮ್ಮ ಗ್ರಂಥಾಲಯದ ಪುಸ್ತಕ ವಿತರಣೆ ರಿಜಿಸ್ಟರ್. ಕಳೆದ ಒಂದು ವರ್ಷದಲ್ಲಿ ಯಾವ ತಿಂಗಳು ಎಷ್ಟು ಪುಸ್ತಕ ಬೀರುವಿನಿಂದ ಹೊರಗೆ ಬಂದಿವೆ? ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬ, ಸೊನ್ನೆಯಿಂದಲೇ ಶುರು. ಕೆಲವು ತಿಂಗಳಿಗೆ ಕಂಬವೇ ಏಳದೆ ಇರಬಹುದು. ಆ ತಿಂಗಳ ಹೆಸರನ್ನೂ ಬರೆದು ಮೇಲಿನ ಜಾಗ ಖಾಲಿ ಬಿಡೋಣ. ಎಣಿಸಲು ನಾಲ್ಕು ಜನ ತಯಾರಿದ್ದೇವೆ. ಬರುವ ಶನಿವಾರದ ಗ್ರಂಥಾಲಯದ ಅವಧಿಗೆ ಆ ರಿಜಿಸ್ಟರನ್ನು ಕೊಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ವಿನಂತಿ.