ಮಗಳ ಪ್ರಬಂಧವೂ ಅಜ್ಜನ ಪ್ರಶ್ನೆಯೂ



ಹೋದ ಸಂಚಿಕೆಯಲ್ಲಿ ಉಪ್ಪಿನಕಾಯಿ ಬೂಷ್ಟು ಹಿಡಿಯದಂತೆ ಇಡುವ ಬಗೆ ಬರೆದಿದ್ದೆ. ಈ ಸಲ ಅಡಿಗೆಮನೆಯಿಂದ ಎದ್ದು ಪಡಸಾಲೆಗೆ ಬರೋಣ. ಅಲ್ಲಿ ನಿಮ್ಮ ಮಗನೋ ಮಗಳೋ ದಪ್ಪ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಶಾಲೆಯ ಪ್ರಾಜೆಕ್ಟ್ ಬರೆಯುತ್ತಾ ಕೂತಿರಬಹುದು. "ಅವರ ಓದು ನಮಗೇನು ತಿಳೀತದೆ" ಅಂತ ನೀವು ಒಗ್ಗರಣೆಯ ಕಡೆ ತಿರುಗುತ್ತೀರಿ. ನಾನೂ ಹಾಗೇ ಮಾಡುತ್ತಿದ್ದವಳೇ. ನವಲಿಯಲ್ಲಿ ಕಳೆದ ಒಂದು ಸಂಜೆಯ ಮೇಲೆ ಆ ರೂಢಿ ಬಿಟ್ಟೆ.

ನವಲಿಯಲ್ಲಿ ನನ್ನ ನಾದಿನಿಯ ಮನೆಯಿದೆ. ಅವಳ ಮಗಳು ಒಂಬತ್ತನೇ ತರಗತಿ. 'ತುಂಗಭದ್ರಾ ಜಲಾಶಯ' ಎಂಬ ವಿಷಯದ ಮೇಲೆ ಎಂಟು ಪುಟ ಪ್ರಬಂಧ ಬರೆದಿದ್ದಳು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಊಟಕ್ಕೆ ಮುಂಚೆ ಎಲ್ಲರ ಮುಂದೆ ಓದಿದಳು. "ಈ ಜಲಾಶಯದಲ್ಲಿ 133 ಟಿಎಂಸಿ ನೀರನ್ನು ಸಂಗ್ರಹಿಸಬಹುದು" ಅನ್ನುವಲ್ಲಿಗೆ ಬಂದಾಗ ಅವಳ ಅಜ್ಜ ಕೈ ಎತ್ತಿದರು.

"ಅಲ್ಲಬೇ, ಡ್ಯಾಮಿನ್ಯಾಗ ಅಷ್ಟು ನೀರು ಹಿಡಿತೈತಿ ಅಂದ್ರ, ಮತ್ತ ನಮ್ಮ ಹೊಲದ ಮ್ಯಾಲ ಇನ್ನೊಂದು ಡ್ಯಾಮ್ ಯಾಕ ಬೇಕಂತ?"

ಹುಡುಗಿ ಪೆನ್ನು ಕಚ್ಚಿಕೊಂಡು ಕೂತಳು. ಅಜ್ಜನ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ನವಲಿಯ ಹತ್ತಿರ ಸಮತೋಲನ ಜಲಾಶಯ ಕಟ್ಟಬೇಕೆಂಬ ಮಾತು ಹಲವು ವರ್ಷಗಳಿಂದ ನಡೆದಿದೆ. ನದಿಯ ನೀರಿನಲ್ಲಿ ಪಾಲಿರುವ ಆಂಧ್ರ, ತೆಲಂಗಾಣಗಳೂ ಅದಕ್ಕೆ ಒಪ್ಪಬೇಕು. ಕಟ್ಟಿದರೆ ಸಾವಿರಾರು ಎಕರೆ ಜಮೀನು ನೀರಿನ ಪಾಲಾಗುತ್ತದೆ. ಆ ಸೀಮೆಯಲ್ಲಿ ಹೊಲ ಇರುವವರಿಗೆ ಇದು ಪತ್ರಿಕೆಯ ಸುದ್ದಿಯಲ್ಲ, ರಾತ್ರಿ ನಿದ್ದೆಗೆಡಿಸುವ ಚಿಂತೆ.

"133 ಅನ್ನೋದು ಎಲ್ಲಿ ಸಿಕ್ಕಿತವ್ವಾ?" ಅಂತ ಕೇಳಿದೆ.

"ವಿಶ್ವಕೋಶದಾಗ ಐತಿ ಅತ್ತಿ. ವಿಶ್ವಕೋಶ ತಪ್ಪು ಹೆಂಗ ಆಗತೈತಿ?"

ನಿಮ್ಮ ಮಕ್ಕಳೂ ಹೀಗೇ ಹೇಳಿಯಾರು. ನಾವೂ ಹೀಗೇ ನಂಬಿದವರಲ್ಲವೇ? ದಪ್ಪ ರಟ್ಟು, ಬಂಗಾರದ ಅಕ್ಷರ, ಕಪಾಟಿನಲ್ಲಿ ಬೀಗ ಹಾಕಿಟ್ಟ ಪುಸ್ತಕ. ಅದರಲ್ಲಿ ಬಂದದ್ದು ವೇದವಾಕ್ಯ!

ಪುಸ್ತಕ ತರಿಸಿ ನೋಡಿದೆ. ಶಾಲೆಯ ಕಪಾಟಿನಿಂದ ತಂದದ್ದು, ಬೈಂಡಿಂಗ್ ಸಡಿಲಾಗಿತ್ತು. ಮುದ್ರಣದ ವರ್ಷ ಇರಬೇಕಾದ ಮೊದಲ ಹಾಳೆಯೇ ಹರಿದುಹೋಗಿತ್ತು. ಇನ್ನೇನು ಮಾಡೋದು ಅಂತ ಪುಟ ತಿರುವುತ್ತಿದ್ದಾಗ ಕೊಪ್ಪಳದ ಮಾತು ಬಂತು. 'ರಾಯಚೂರು ಜಿಲ್ಲೆಯ ಕೊಪ್ಪಳ' ಅಂತ ಬರೆದಿತ್ತು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ಆ ಪುಸ್ತಕ ಅದಕ್ಕೂ ಹಳೆಯದು. ಹುಡುಗಿಯ ಕಣ್ಣು ಅರಳಿತು. "ಹಂಗಾದ್ರ ಅತ್ತಿ, ಈ ಪುಸ್ತಕ ನನಗಿಂತ ದೊಡ್ಡದು!" ಅಂದಳು.

ಈಗ 133ರ ಕಥೆ ಕೇಳಿ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರ ಹೊತ್ತಿಗೆ ಜಲಾಶಯದಲ್ಲಿ ನೀರು ನಿಂತಿತು. ಆಗಿನ ಲೆಕ್ಕ ಸುಮಾರು 133 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಪುಸ್ತಕ ಬರೆದವರು ಸುಳ್ಳು ಬರೆದಿರಲಿಲ್ಲ. ಆದರೆ ನದಿ ನೀರನ್ನಷ್ಟೇ ತರುತ್ತದೆಯೇ? ಮಣ್ಣನ್ನೂ ತರುತ್ತದೆ. ಕೆರೆಯ ನೀರು ತುಂಬಿ ತುಂಬಿ ಕೊಡದ ತಳದಲ್ಲಿ ರಾಡಿ ಕೂತರೆ ಕೊಡ ಹಿಡಿಯುವ ನೀರು ಕಡಿಮೆಯಾಗುವುದು ನಮಗೆ ಗೊತ್ತಿರುವುದೇ. ಜಲಾಶಯಕ್ಕೂ ಅದೇ ಗತಿ. ಅಲ್ಲಿ ಅದಕ್ಕೆ ಹೂಳು ಅಂತಾರೆ. 2016ರ ಅಳತೆಯ ಪ್ರಕಾರ ಜಲಾಶಯ ಹಿಡಿಯುವ ನೀರು 105.788 ಟಿಎಂಸಿ. ಸುಮಾರು 27 ಟಿಎಂಸಿಯಷ್ಟು ಜಾಗ ಹೂಳಿಗೆ ಹೋಯಿತು. ಐದು ಕೊಡದಲ್ಲಿ ಒಂದು ಕೊಡ ಮಣ್ಣು ಅಂತ ತಿಳಿಯಿರಿ. ಆ ಕೊರತೆ ತುಂಬಿಕೊಳ್ಳಲಿಕ್ಕೇ ನವಲಿಯ ಜಲಾಶಯದ ಮಾತು ಹುಟ್ಟಿದ್ದು.

ಕಥೆ ಅಲ್ಲಿಗೂ ಮುಗಿಯಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಆಮೇಲೆ ಗೇಟುಗಳ ಸುರಕ್ಷತೆ ನೋಡಿಕೊಂಡು 2025ರ ಮಳೆಗಾಲದಲ್ಲಿ 80 ಟಿಎಂಸಿಯಷ್ಟೇ ನೀರು ನಿಲ್ಲಿಸುವುದೆಂದು ತೀರ್ಮಾನವಾಯಿತು. ಈಗ ನೋಡಿ, ಒಂದೇ ಜಲಾಶಯಕ್ಕೆ ಮೂರು ಸಂಖ್ಯೆ: 133, 105.788, 80. ಮೂರೂ ಸುಳ್ಳಲ್ಲ. ಒಂದು ಕಟ್ಟಿದಾಗಿನ ಲೆಕ್ಕ, ಒಂದು ಹೂಳು ತುಂಬಿದ ಮೇಲಿನ ಅಳತೆ, ಇನ್ನೊಂದು ಆ ವರ್ಷದ ಎಚ್ಚರಿಕೆಯ ಮಿತಿ. ವರ್ಷ ಬಿಟ್ಟು ಬರೀ ಸಂಖ್ಯೆ ಬರೆದರೆ ಮೂರೂ ದಾರಿ ತಪ್ಪಿಸುತ್ತವೆ.

ಹೊಲ ಮುಳುಗಿಸಿ ಜಲಾಶಯ ಕಟ್ಟಬೇಕೋ, ಹೂಳಿಗೇ ಬೇರೆ ದಾರಿ ನೋಡಬೇಕೋ, ಆ ತೀರ್ಪು ಈ ಅಂಕಣದ್ದಲ್ಲ. ಆದರೆ ಆ ಮನೆಯ ಮಗು ನಾಳೆ ಯಾವ ಪಕ್ಷ ಹಿಡಿದು ಮಾತಾಡಿದರೂ ಎಪ್ಪತ್ತು ವರ್ಷದ ಹಿಂದಿನ ಲೆಕ್ಕ ಹಿಡಿದು ಮಾತಾಡಬಾರದು. ಎದುರಿನವರು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿಬಿಡುತ್ತಾರೆ.

ಹಾಗಾದರೆ ವಿಶ್ವಕೋಶ ಬೇಡವೇ? ಖಂಡಿತ ಬೇಕು! ಕನ್ನಡದಲ್ಲಿ ಮಕ್ಕಳ ಕೈಗೆ ಲೋಕಜ್ಞಾನ ಕೊಡಬೇಕೆಂದು ಹಿರಿಯರು ಪಟ್ಟ ಕಷ್ಟ ಸಾಮಾನ್ಯದ್ದಲ್ಲ. ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ 'ಬಾಲ ಪ್ರಪಂಚ' ತಂದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ 'ಜ್ಞಾನಗಂಗೋತ್ರಿ' ಬಂತು. ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ'ದ ಮೊದಲ ಸಂಪುಟ ಬಂದದ್ದು 1969ರಲ್ಲಿ, ಹದಿನಾಲ್ಕು ಸಂಪುಟ ಮುಗಿದದ್ದು 2004ರಲ್ಲಿ. ಲೆಕ್ಕ ಹಾಕಿ, ಮೂವತ್ತೈದು ವರ್ಷ! ಮೊದಲ ಸಂಪುಟ ಬಂದಾಗ ತೊಟ್ಟಿಲಲ್ಲಿದ್ದ ಮಗು ಕೊನೆಯದು ಬರುವಾಗ ಮಕ್ಕಳ ತಾಯಿ. ಒಂದೇ ವಿಶ್ವಕೋಶವಾದರೂ ಸಂಪುಟ ಸಂಪುಟಕ್ಕೆ ವಯಸ್ಸು ಬೇರೆ ಅನ್ನುವುದು ಇದರಿಂದಲೇ ತಿಳಿಯುತ್ತದೆ. ಆ ವಿಶ್ವಕೋಶದ ಲೇಖನಗಳು ಈಗ ಕನ್ನಡ ವಿಕಿಸೋರ್ಸ್‌ನಲ್ಲಿ ಪುಕ್ಕಟೆ ಓದಲೂ ಸಿಗುತ್ತವೆ. 2003ರಿಂದ ಕನ್ನಡ ವಿಕಿಪೀಡಿಯವೂ ಇದೆ. ಅದನ್ನು ಯಾರು ಬೇಕಾದರೂ ತಿದ್ದಬಹುದು. ಹೊಸ ಸಂಗತಿ ಬೇಗ ಸೇರುತ್ತದೆ, ತಪ್ಪೂ ಬೇಗ ಸೇರಬಹುದು.

ನಮ್ಮ ಕಡೆಯ ಮಾತಿನಲ್ಲಿ ಹೇಳುತ್ತೇನೆ. ಜೋಳ ಹೊಲದಲ್ಲಿ ಬೆಳೆಯುತ್ತದೆ, ಗಿರಣಿಯಲ್ಲಿ ಹಿಟ್ಟಾಗುತ್ತದೆ, ತಾಟಿಗೆ ರೊಟ್ಟಿಯಾಗಿ ಬರುತ್ತದೆ. ಅಶೋಕನ ಕಾಲದ ಬಂಡೆಶಾಸನ ಹೊಲದ ಜೋಳ. ಅದನ್ನು ಓದಿ, ಅಳೆದು, ಬೇರೆ ಶಾಸನಗಳ ಜೊತೆ ಹೋಲಿಸಿ ವಿದ್ವಾಂಸರು ಬರೆದ ಗ್ರಂಥ ಹಿಟ್ಟು. ಅಂಥ ಹತ್ತು ಗ್ರಂಥ ನೋಡಿ ಒಂದು ಪುಟಕ್ಕೆ ಇಳಿಸಿದ ವಿಶ್ವಕೋಶದ ಲೇಖನ ರೊಟ್ಟಿ. ಹಸಿದವರಿಗೆ ರೊಟ್ಟಿಯೇ ಬೇಕು, ಸರಿ. ಆದರೆ ಜೋಳದ ಮೇಲೆ ಪ್ರಬಂಧ ಬರೆಯುವವಳು ಗಿರಣಿಯನ್ನಾದರೂ ನೋಡಿರಬೇಕಲ್ಲ?

ಶಾಸನದ ಮಾತು ಬಂದದ್ದಕ್ಕೆ ಇನ್ನೊಂದು ನಿದರ್ಶನ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರು ನೇರವಾಗಿ ಇತ್ತು. ಬೇರೆ ಕಡೆಯ ಶಾಸನಗಳಲ್ಲಿ 'ದೇವಾನಂಪಿಯ' ಮುಂತಾದ ಬಿರುದುಗಳಷ್ಟೇ ಇದ್ದವು. ಹೆಸರಿರುವುದು ಇದೊಂದರಲ್ಲೇ ಎಂದರೆ ಆಗ ಸರಿಯಾಗಿತ್ತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳಗಳಲ್ಲಿ ಸಿಕ್ಕ ಶಾಸನಗಳಲ್ಲೂ ಅಶೋಕನ ಹೆಸರು ಕಂಡಿತು. ಹಳೆಯ ಪುಸ್ತಕ ನೋಡಿ "ಇದೊಂದೇ" ಅಂತ ಇಂದು ಬರೆದ ಮಗು ತಪ್ಪಿಗೆ ಬೀಳುತ್ತದೆ. ಅಶೋಕನ ಶಾಸನ ಕೊಪ್ಪಳದಲ್ಲೇ ಎರಡಿವೆ, ಗವಿಮಠದ ಬೆಟ್ಟದಲ್ಲಿ ಒಂದು, ಪಾಲ್ಕಿಗುಂಡುವಿನಲ್ಲಿ ಒಂದು. ಬುತ್ತಿ ಕಟ್ಟಿಕೊಂಡು ಮಕ್ಕಳನ್ನು ಕರಕೊಂಡು ಹೋಗಿ ತೋರಿಸಿಬರಬಹುದು.

"ನಾನು ಏಳನೇ ಕ್ಲಾಸು ಓದಿದವಳು, ಮಗಳಿಗೆ ಏನು ಹೇಳಿಕೊಡಲಿ?" ಅನ್ನಬೇಡಿ. ತರಕಾರಿಯವಳು "ಇವತ್ತು ಬೆಳಗ್ಗೆ ಕಿತ್ತದ್ದು" ಅಂದರೆ ನಾವು ತೊಟ್ಟು ಮುರಿದು ನೋಡದೆ ಕೊಳ್ಳುತ್ತೇವೆಯೇ? ಸಂಬಂಧ ಬೆಳೆಸುವಾಗ ಒಬ್ಬರ ಮಾತು ನಂಬಿ ಹೆಣ್ಣು ಕೊಡುತ್ತೇವೆಯೇ? ಆ ಬುದ್ಧಿಯೇ ಇಲ್ಲೂ ಸಾಕು. ಈ ಐದು ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಿ.

ಒಂದು: ಬರೆಯುವ ಮೊದಲು ವಿಶ್ವಕೋಶದ ಲೇಖನವನ್ನು ಮಗು ಪೂರಾ ಓದಲಿ. ಓದಿ ಪುಸ್ತಕ ಮುಚ್ಚಿ, ನಿಮಗೆ ಬಾಯಲ್ಲಿ ಹೇಳಲಿ. ನಿಮಗೆ ತಿಳಿಯುವ ಹಾಗೆ ಹೇಳಲು ಬಂದರೆ ಅದು ಮಗುವಿಗೆ ತಿಳಿದಂತೆ. ಆಮೇಲೆ ಬರೆಯಲಿ. ಪುಸ್ತಕ ನೋಡಿಕೊಂಡೇ ಬರೆದರೆ ಅದು ನಕಲು.

ಎರಡು: ಪುಸ್ತಕ ಅಚ್ಚಾದ ವರ್ಷ ನೋಡಿಸಿ. ಅರಸರು, ಕವಿಗಳು, ಹಳೆಯ ಯುದ್ಧಗಳ ವಿಷಯ ಹಳೆಯ ಪುಸ್ತಕದಲ್ಲೂ ಬಹುಮಟ್ಟಿಗೆ ನಿಲ್ಲುತ್ತದೆ. ಜನಸಂಖ್ಯೆ, ಜಲಾಶಯ, ಬೆಳೆ, ಜಿಲ್ಲೆ ತಾಲ್ಲೂಕುಗಳ ವಿಷಯ ನಿಲ್ಲುವುದಿಲ್ಲ. ನವಲಿಯನ್ನೇ ನೋಡಿ, ಮೊದಲು ಗಂಗಾವತಿ ತಾಲ್ಲೂಕು, ಈಗ ಕನಕಗಿರಿ ತಾಲ್ಲೂಕು.

ಮೂರು: ಲೇಖನದ ಕೊನೆಗೆ ಕಣ್ಣು ಹಾಯಿಸಲಿ. ಕನ್ನಡ ವಿಶ್ವಕೋಶದಲ್ಲಿ ಬರೆದವರ ಹೆಸರಿನ ಮೊದಲಕ್ಷರಗಳು ಅಲ್ಲಿರುತ್ತವೆ. ವಿಕಿಪೀಡಿಯದಲ್ಲಾದರೆ ಸಣ್ಣ ಅಂಕಿಗಳ ಜೊತೆ ಮೂಲಗಳ ಪಟ್ಟಿ ಇರುತ್ತದೆ. ಆ ಪಟ್ಟಿಯೇ ನಿಧಿ. ಅದರಲ್ಲಿ ಒಂದನ್ನಾದರೂ ತೆರೆದು ಓದಲಿ. ಪಟ್ಟಿಯೇ ಇಲ್ಲದ ಲೇಖನವನ್ನು ಅನುಮಾನದಿಂದ ನೋಡಲಿ. ತನ್ನನ್ನೇ ಆಧಾರವಾಗಿ ಕೊಡಬೇಡಿ, ಮೂಲಕ್ಕೆ ಹೋಗಿ ಎಂದು ವಿಕಿಪೀಡಿಯವೇ ಹೇಳುತ್ತದೆ.

ನಾಲ್ಕು: ಪ್ರತಿ ಸಂಖ್ಯೆಯನ್ನೂ ಇಸವಿಯನ್ನೂ ಇನ್ನೊಂದು ಕಡೆ ತಾಳೆ ನೋಡಲಿ. ಗ್ರಾಮ ಪಂಚಾಯ್ತಿ ಗ್ರಂಥಾಲಯದ ದಿನಪತ್ರಿಕೆ, ಜಿಲ್ಲಾ ಗ್ಯಾಸೆಟಿಯರ್, ಇಲಾಖೆಯ ವರದಿ ಯಾವುದಾದರೂ ಆದೀತು. ಒಂದರಿಂದ ಇನ್ನೊಂದು ನಕಲು ಮಾಡಿದ್ದರೆ ಮಾತ್ರ ಅದು ಎರಡು ಸಾಕ್ಷಿಯಲ್ಲ, ಒಂದೇ. ಈಗ ಮಕ್ಕಳು ಫೋನಿಗೇ ಪ್ರಶ್ನೆ ಕೇಳುತ್ತಾರೆ, ಅದು ಗಳಿಗೆಯಲ್ಲಿ ಉತ್ತರ ಹೆಣೆದು ಕೊಡುತ್ತದೆ. ಅದು ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುವುದುಂಟು. ಅದಕ್ಕೂ ಇದೇ ಒರೆಗಲ್ಲು.

ಐದು: ಎಲ್ಲಿಂದ ತಿಳಿದದ್ದು ಅಂತ ಪ್ರಬಂಧದ ಕೊನೆಗೆ ಬರೆಯಲಿ. ಪುಸ್ತಕದ ಹೆಸರು, ಸಂಪುಟ, ಪುಟ, ವರ್ಷ. ನೆರೆಮನೆಯಿಂದ ಸಕ್ಕರೆ ಕಡ ತಂದರೆ ಹೇಳಿಯೇ ತರುತ್ತೇವಲ್ಲವೇ?

ಇಷ್ಟೂ ನೆನಪಿರದಿದ್ದರೆ ಮೂರು ಪ್ರಶ್ನೆ ಸಾಕು: ಯಾರು ಹೇಳಿದರು? ಯಾವಾಗ ಹೇಳಿದರು? ಅವರಿಗೆ ಹೇಗೆ ಗೊತ್ತಾಯಿತು? ರೊಟ್ಟಿ ಬಡಿಯುತ್ತಲೇ ಕೇಳಬಹುದಾದ ಪ್ರಶ್ನೆಗಳು ಇವು.

ನವಲಿಯ ಹುಡುಗಿ ಆಮೇಲೆ ಏನು ಮಾಡಿದಳು ಅಂತೀರಾ? ಎಂಟು ಪುಟ ಹರಿಯಬೇಕಾಯ್ತಲ್ಲ ಅಂತ ಮೊದಲು ಅತ್ತಳು. ಅಮ್ಮ "ಹೋಗ್ಲಿ ಬಿಡು, ಮಾರ್ಕ್ಸ್ ಏನು ಕಮ್ಮಿ ಮಾಡೂದಿಲ್ಲ" ಅಂದರೂ ಕೇಳಲಿಲ್ಲ. ಎರಡು ದಿನ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆ ಹುಡುಕಿದಳು. ಅಜ್ಜನನ್ನು ಕೂರಿಸಿಕೊಂಡು, ಚಿಕ್ಕಂದಿನಲ್ಲಿ ಕಾಲುವೆಯ ನೀರು ನೋಡಲು ಎತ್ತಿನ ಗಾಡಿಯಲ್ಲಿ ಹೋದದ್ದನ್ನು ಕೇಳಿ ಬರೆದುಕೊಂಡಳು. "ಅಜ್ಜ, ಅದು ಯಾವ ವರ್ಷ?" ಅಂತ ಅವರನ್ನೂ ಬಿಡಲಿಲ್ಲ! ಅಜ್ಜ ಇಸವಿ ಹೇಳಲಾರದೆ, "ನಿಮ್ಮ ದೊಡ್ಡಜ್ಜನ ಮದುವಿ ಆದ ವರ್ಷ" ಅಂದರು. ಆ ಲಗ್ನಪತ್ರಿಕೆ ಹುಡುಕಲು ಅಟ್ಟದ ಪೆಟ್ಟಿಗೆ ಕೆಳಗಿಳಿಯಿತು.

ಹೊಸ ಪ್ರಬಂಧ ಐದೇ ಪುಟ. ಮೂರು ಸಂಖ್ಯೆಗಳೂ ಅದರಲ್ಲಿವೆ, ಒಂದೊಂದರ ಮುಂದೆ ಅದರದರ ವರ್ಷ. ಶುರುವಾಗುವುದು ಅಜ್ಜನ ಪ್ರಶ್ನೆಯಿಂದ. ಅದನ್ನು ಕೇಳಿ ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೊಲದ ಚಿಂತಿ ಏನ್ ಹೋಗಲಿಲ್ಲವ್ವಾ. ಆದ್ರ ಯಾಕಂತ ತಿಳೀತು" ಅಂದರು.

ನಿಮ್ಮ ಮನೆಯ ಪಡಸಾಲೆಯಲ್ಲೂ ಇಂದು ಸಂಜೆ ಒಂದು ಪ್ರಬಂಧ ಓದಿಸಿ ನೋಡಿ. ಏನಾಯಿತೆಂದು ಬರೆದು ತಿಳಿಸುತ್ತೀರಲ್ಲ?